ಫ್ರೀ ಕೋರ್ಸ್ ಮಾಡಿ ಡಿಗ್ರಿಗೆ ಕ್ರೆಡಿಟ್ ತಗೊಳ್ಳೋದು ಹೆಂಗ? ಮೊದಲು ಡಿಪಾರ್ಟ್‌ಮೆಂಟ್, ಆಮ್ಯಾಲ ವಿಡಿಯೋ

ಹೋದ ವರ್ಷ ಜುಲೈದಾಗ ನಮ್ಮ ಕಾಕಾನ ಮಗಳು ಆಳಂದದಿಂದ ಫೋನ್ ಹಚ್ಚಿ, "ಅಕ್ಕಾ, ಸ್ವಯಂದಾಗ ಕೋರ್ಸ್ ಫ್ರೀ ಅದಾವಂತ, ಅದು ಪಾಸಾದ್ರ ಎಂಕಾಂದಾಗ ಒಂದು ಪೇಪರಿನ ಕ್ರೆಡಿಟ್ ಕೊಡ್ತಾರಂತ, ಖರೇ ಏನು?" ಅಂತ ಕೇಳಿದ್ಳು. ಖರೇ ಅದ, ಸ್ವಯಂ ಅಂದ್ರ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸಿನ ತಾಣ, ಕ್ರೆಡಿಟ್ ಅಂದ್ರ ಡಿಗ್ರಿ ಲೆಕ್ಕದಾಗ ಒಂದು ಪೇಪರಿಗೆ ಇರೋ ತೂಕ. ಆದ್ರ ಆಕಿ ಅವತ್ತೇ ಮೂರು ಕೋರ್ಸಿಗೆ ಎನ್‌ರೋಲ್ ಆಗಿ ಕೂತಿದ್ಳು, ಕಾಲೇಜಿನಾಗ ಒಬ್ರಿಗೂ ಕೇಳಿದ್ದಿಲ್ಲ. "ತಂಗಿ, ಮೊದಲು ಅದನ್ನ ಬಂದ್ ಮಾಡು, ನಾಳೆ ಡಿಪಾರ್ಟ್‌ಮೆಂಟಿಗೆ ಹೋಗು" ಅಂದೆ. ನಮ್ಮ ಕಡಿ ಹುಡುಗ್ರು ಭಾಳ ಮಂದಿ ಎಡವೋದು ಇದೇ ಜಾಗಾದಾಗ, ಅದಕ್ಕ ಇಷ್ಟು ಉದ್ದ ಬರೀಲಾಕತ್ತೀನಿ.

ನಾನೂ ಎಡವೀನಿ. ಎಂಎಸ್ಸಿ ಓದುವಾಗ ಒಂದು ಇಲೆಕ್ಟಿವ್ (ನಾವೇ ಆರಿಸ್ಕೊಳ್ಳೋ ಪೇಪರ್) ಬದಲಿ ಅಂತ ಎನ್‌ಪಿಟೆಲ್‌ದಾಗ (ಐಐಟಿಗಳ ಆನ್‌ಲೈನ್ ಕೋರ್ಸ್) 8 ವಾರದ ಕೋರ್ಸ್ ತಗೊಂಡೆ, ರಾತ್ರಿ ಹನ್ನೊಂದರ ತನಕ ಕೂತು ಅಸೈನ್‌ಮೆಂಟ್ ಬರದೆ, ಪರೀಕ್ಷಿ ಫೀಸ್ 1000 ರೂಪಾಯಿ ಕಟ್ಟಿದೆ, 71 ಮಾರ್ಕ್ಸ್ ಬಂತು. ಸರ್ಟಿಫಿಕೇಟ್ ಪ್ರಿಂಟ್ ತಗೊಂಡು ಕಾಲೇಜಿಗೆ ಹೋದ್ರ, "ಅಮ್ಮಾ, 8 ವಾರ ಅಂದ್ರ 2 ಕ್ರೆಡಿಟ್, ನಿಮ್ಮ ಇಲೆಕ್ಟಿವ್ 3 ಕ್ರೆಡಿಟಿಂದು, ಮ್ಯಾಲ ನೀವು ಮೊದಲು ಪರ್ಮಿಷನ್ನೂ ತಗೊಂಡಿಲ್ಲ, ಇದು ನಡಿಯಂಗಿಲ್ಲ" ಅಂದ್ರು. ಕಣ್ಣಾಗ ನೀರು ಬಂದಿದ್ವು. ಕಲ್ತದ್ದು ಹೋಗಲಿಲ್ಲ ಖರೇ, ಆದ್ರ ಆ ಪೇಪರ್ ಮತ್ತ ಕ್ಲಾಸಿಗೆ ಕೂತೇ ಬರೀಬೇಕಾಯ್ತು. ಎರಡೇ ಎರಡು ಪ್ರಶ್ನಿ ಮೊದಲು ಕೇಳಿದ್ರ ಎಲ್ಲಾ ಬರಾಬರ್ ಆಗಿರ್ತಿತ್ತು, ಎಷ್ಟು ಕ್ರೆಡಿಟ್ ಬೇಕು, ಯಾರು ಸಹಿ ಮಾಡ್ತಾರ.

ಈಗ ಸ್ವಯಂ ಬಗ್ಗಿ ಇನ್ನೊಂದು ಸ್ವಲ್ಪ. ಈ ತಾಣ 2017 ಜುಲೈದಾಗ ಚಾಲೂ ಆಯ್ತು. ಎನ್‌ಪಿಟೆಲ್ ಅದಕ್ಕಿಂತ ಹಳೇದು, ಐಐಟಿಗಳು ಮತ್ತ ಬೆಂಗಳೂರಿನ ಐಐಎಸ್‌ಸಿ ಕೂಡಿ 2003ರಾಗ ಶುರು ಮಾಡಿದ್ದು, ಈಗ ಅದರ ಕೋರ್ಸ್ ಸ್ವಯಂದಾಗೇ ಸಿಗ್ತಾವ. ಒಟ್ಟು ಒಂಬತ್ತು ಸಂಸ್ಥಾ ಇಲ್ಲಿ ಕೋರ್ಸ್ ಹಾಕ್ತಾವ. ಇಂಜಿನಿಯರಿಂಗ್, ಸೈನ್ಸ್ ಓದೋರಿಗೆ ಎನ್‌ಪಿಟೆಲ್, ಬಿಎ ಬಿಕಾಂ ಬಿಎಸ್ಸಿಯವ್ರಿಗೆ ಸಿಇಸಿ, ಪಿಜಿಯವ್ರಿಗೆ ಯುಜಿಸಿ (ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ), ಮ್ಯಾನೇಜ್‌ಮೆಂಟಿಗೆ ಐಐಎಂ ಬೆಂಗಳೂರು, ಇದರ ಜೋಡಿ ಇಗ್ನೋ, ಎಐಸಿಟಿಇ, ಎನ್‌ಐಟಿಟಿಟಿಆರ್. ಎನ್‌ಸಿಇಆರ್‌ಟಿ ಮತ್ತ ಎನ್‌ಐಓಎಸ್ ಹೆಸರು ಕಂಡ್ರ ಅದು ಸಾಲಿ ಹುಡುಗ್ರ ಕೋರ್ಸ್, ಡಿಗ್ರಿ ಕ್ರೆಡಿಟಿಗೆ ಅದು ಬರಂಗಿಲ್ಲ. ನೋಡೋದು, ಓದೋದು, ಅಸೈನ್‌ಮೆಂಟ್ ಹಾಕೋದು ಎಲ್ಲಾ ಫ್ರೀ. ರೊಕ್ಕ ಇರೋದು ಕೊನಿ ಪರೀಕ್ಷಿಗೆ ಮಾತ್ರ, ಮತ್ತ ಆ ಪರೀಕ್ಷಿ ಬರೀದೆ ಕ್ರೆಡಿಟ್ ಸಿಗಂಗಿಲ್ಲ, ಇದನ್ನ ಗಟ್ಟಿಯಾಗಿ ನೆನಪಿಡ್ರಿ.

ರೂಲ್ ಏನಂದ್ರ, ಯುಜಿಸಿ 2016ರಾಗ ಮೊದಲು ಒಂದು ನಿಯಮ ಮಾಡಿತ್ತು, ಒಂದು ಸೆಮಿಸ್ಟರಿನ ಕೋರ್ಸಿನಾಗ 20 ಪರ್ಸೆಂಟ್ ತನಕ ಸ್ವಯಂದಿಂದ ಮಾಡಬಹುದು ಅಂತ. 2021ರಾಗ ಅದನ್ನ 40 ಪರ್ಸೆಂಟಿಗೆ ಏರ್ಸಿದ್ರು. ಸೆಮಿಸ್ಟರಿಗೆ ಐದು ಪೇಪರ್ ಇದ್ರ ಎರಡರ ತನಕ ಅಂತ ಲೆಕ್ಕ ಹಿಡೀರಿ. ಆದ್ರ ಯುಜಿಸಿ ಹೇಳಿದ್ದು ಮ್ಯಾಲಿನ ಮಿತಿ ಅಷ್ಟೇ, ನಿಮ್ಮ ಯೂನಿವರ್ಸಿಟಿ ಅದನ್ನ ತನ್ನ ರೆಗ್ಯುಲೇಷನ್ನಿನಾಗ ಹೆಂಗ ತಗೊಂಡದ, ಯಾವ ಪೇಪರಿಗೆ ಬಿಟ್ಟದ ಅನ್ನೋದೇ ನಿಮಗ ಬೇಕಾದದ್ದು.

ಅದಕ್ಕ ಮೊದಲ ಕೆಲಸ, ನಿಮ್ಮ ಮಾರ್ಕ್ಸ್ ಕಾರ್ಡ್ ಮ್ಯಾಲ ಯಾವ ಯೂನಿವರ್ಸಿಟಿ ಹೆಸರು ಅದ ನೋಡ್ರಿ. ನಗಬ್ಯಾಡ್ರಿ, ಇದು ನಮ್ಮ ಭಾಗದಾಗ ಖರೇನೇ ಗೊಂದಲದ ವಿಷಯ. ಮೊದಲು ಬೀದರ್, ಯಾದಗಿರಿ ಎಲ್ಲಾ ಗುಲಬರ್ಗಾ ವಿವಿ ಕೆಳಗೇ ಇದ್ವು, ಈಗ ಬೀದರಿಗೆ ಅದರದೇ ಯೂನಿವರ್ಸಿಟಿ ಆಗ್ಯದ, ಯಾದಗಿರಿ ಕಾಲೇಜುಗಳು ರಾಯಚೂರು ಕಡಿ ಹೋಗ್ಯಾವ, ಕಡಗಂಚಿದಾಗಿನ ಕೇಂದ್ರೀಯ ವಿವಿದು ಬ್ಯಾರೇನೇ ನಿಯಮ, ಬಿಇ ಹುಡುಗ್ರದು ವಿಟಿಯು (ಬೆಳಗಾವಿಯ ಟೆಕ್ನಿಕಲ್ ಯೂನಿವರ್ಸಿಟಿ), ಅದರಾಗೂ ಅಟಾನಮಸ್ ಕಾಲೇಜಾದ್ರ ಸಿಲಬಸ್ ಅವ್ರದೇ. ಹಿಂಗಾಗಿ ಹುಮನಾಬಾದಿನ ಗೆಳತಿಗೆ ನಡ್ದದ್ದು ಶಹಾಪುರದಾಗಿನ ನಿಮಗ ನಡೀತದ ಅಂತ ಹೇಳ್ಲಾಕ ಬರಂಗಿಲ್ಲ. ಯಾರರೆ ವಾಟ್ಸಪ್ಪಿನಾಗ "ನಮ್ಮಲ್ಲಿ ಮಾಡ್ಯಾರ" ಅಂದ್ರ, ಯಾವ ಯೂನಿವರ್ಸಿಟಿ, ಯಾವ ಸ್ಕೀಮು (ಯಾವ ವರ್ಷದ ಸಿಲಬಸ್), ಯಾವ ಸೆಮ್ ಅಂತ ಕೇಳ್ರಿ.

ಬಿಇಯವ್ರಿಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ವಿಟಿಯು 2022 ಸ್ಕೀಮಿನಾಗ 8ನೇ ಸೆಮ್‌ದಾಗ ಒಂದು ಪ್ರೊಫೆಷನಲ್ ಇಲೆಕ್ಟಿವ್, ಒಂದು ಓಪನ್ ಇಲೆಕ್ಟಿವ್ ಆನ್‌ಲೈನ್ ಕೋರ್ಸೇ ಮಾಡಬೇಕು, ಉಳಿದದ್ದು ಇಂಟರ್ನ್‌ಷಿಪ್. ನಿಮಗ ಇದು ಬೇಕಂದ್ರ ಮಾಡೋ ಕೆಲಸ ಅಲ್ಲ, ಮಾಡಲೇಬೇಕಾದದ್ದು, ಹಂಗಾಗಿ ಯಾವ ಕೋರ್ಸ್ ಒಪ್ತಾರ ಅನ್ನೋ ಲಿಸ್ಟ್ ಡಿಪಾರ್ಟ್‌ಮೆಂಟಿನಾಗೇ ಸಿಗ್ತದ, ಅದರ ಹೊರಗಿಂದು ಮುಟ್ಟಬ್ಯಾಡ್ರಿ.

ಈಗ ಡಿಪಾರ್ಟ್‌ಮೆಂಟಿಗೆ ಹೋಗೋದು. ಬರಿಗೈಲೆ ಹೋಗಿ "ಸರ್, ಸ್ವಯಂ ಕೋರ್ಸ್ ಮಾಡ್ಲೇನ್ರಿ" ಅಂದ್ರ ಅವ್ರು "ಮಾಡಮ್ಮಾ, ಒಳ್ಳೇದೇ" ಅಂತಾರ, ಅದು ಪರ್ಮಿಷನ್ ಅಲ್ಲ. ನಾ ನಮ್ಮ ತಂಗಿಗೆ ಏನ್ ಮಾಡ್ಸಿದೆ ಅಂದ್ರ, ಆಕಿ ಎಂಕಾಂ ಸಿಲಬಸ್ಸಿನಾಗ ಆ ಓಪನ್ ಇಲೆಕ್ಟಿವ್ ಪೇಪರಿನ ಒಂದು ಪುಟ ಝೆರಾಕ್ಸ್ ತಗೊಂಡ್ವಿ, ಸ್ವಯಂ ಕೋರ್ಸ್ ಪೇಜಿನಾಗ ವಾರ ವಾರಕ್ಕ ಏನೇನ್ ಹೇಳ್ತಾರ ಅಂತ ಕೊಟ್ಟಿರ್ತಾರಲ್ಲ ಅದನ್ನೂ ಪ್ರಿಂಟ್ ತಗೊಂಡ್ವಿ, ಸೂಪರ್ ಮಾರ್ಕೆಟಿನ ಒಂದು ಝೆರಾಕ್ಸ್ ಅಂಗಡಿದಾಗ ನಿಂತಗೊಂಡೇ ಎರಡೂ ಹಾಳಿ ಜೋಡಿ ಇಟ್ಟು ಪೆನ್ಸಿಲ್‌ಲೆ ಗೆರಿ ಎಳದ್ವಿ, ಒಂದನೇ ಯೂನಿಟ್ ಇಲ್ಲಿ 1 ರಿಂದ 3ನೇ ವಾರ, ಎರಡನೇದು 4, 5ನೇ ವಾರ, ಹಿಂಗ. ನಾಲ್ಕು ಯೂನಿಟಿನಾಗ ಮೂರೂವರಿ ಕೂಡಿ ಬಂದ್ವು. ಅದನ್ನ ನೋಡಿ ಅವ್ರ ಎಚ್‌ಒಡಿ (ವಿಭಾಗದ ಮುಖ್ಯಸ್ಥೆ) ಮೇಡಂ ಹತ್ತು ನಿಮಿಷದಾಗ ಹೂಂ ಅಂದ್ರು, ಯಾಕಂದ್ರ ಅವ್ರು ಮಾಡಬೇಕಾದ ಕೆಲಸ ನಾವೇ ಮಾಡಿಕೊಂಡು ಹೋಗಿದ್ವಿ.

ಜೊತಿಗೆ ಒಂದು ಅರ್ಜಿ ಇರ್ಲಿ. ಕನ್ನಡದಾಗ ಬರದ್ರೂ ನಡೀತದ. ಅದರಾಗ ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ಸೆಮಿಸ್ಟರ್, ಯಾವ ಪೇಪರಿನ ಬದಲಿ ಅಂತ ಪೇಪರ್ ಕೋಡ್ ಸಮೇತ, ಸ್ವಯಂ ಕೋರ್ಸಿನ ಪೂರ್ತಿ ಹೆಸರು, ಯಾವ ಸಂಸ್ಥಾದು, ಎಷ್ಟು ವಾರ, ಎಷ್ಟು ಕ್ರೆಡಿಟ್, ಪರೀಕ್ಷಿ ಯಾವ ತಾರೀಖು. ಎರಡು ಪ್ರತಿ ಮಾಡ್ರಿ, ಒಂದರ ಮ್ಯಾಲ ಎಚ್‌ಒಡಿ ಸಹಿ, ಆಫೀಸಿನ ಸೀಲ್, ತಾರೀಖು ಹಾಕ್ಸಿಕೊಂಡು ನಿಮ್ಮ ಕಡಿ ಇಟ್ಕೋರಿ. ಎಷ್ಟೋ ಕಾಲೇಜಿನಾಗ ಸ್ವಯಂ ಕೋಆರ್ಡಿನೇಟರ್ ಅಂತ ಒಬ್ರು ಇರ್ತಾರ, ಎನ್‌ಪಿಟೆಲ್ ಲೋಕಲ್ ಚಾಪ್ಟರ್ (ಕಾಲೇಜಿನಾಗಿನ ಎನ್‌ಪಿಟೆಲ್ ಘಟಕ) ಇದ್ರ ಅಲ್ಲಿ ಅವ್ರಿಗೆ ಎಸ್‌ಪಿಓಸಿ ಅಂತಾರ, ಅವ್ರ ಹೆಸರು ಕೇಳಿ ಅವ್ರಿಗೂ ಒಂದು ಪ್ರತಿ ಕೊಡ್ರಿ. ಆರು ತಿಂಗಳಾದ ಮ್ಯಾಲ ಎಚ್‌ಒಡಿ ಬದಲಾಗಿರ್ತಾರ, ಗೆಸ್ಟ್ ಫ್ಯಾಕಲ್ಟಿ ಬ್ಯಾರೆ ಕಾಲೇಜಿಗೆ ಹೋಗಿರ್ತಾರ, ಆವಾಗ ನಿಮ್ಮ ಪರವಾಗಿ ಮಾತಾಡೋದು ಆ ಸೀಲ್ ಇದ್ದ ಹಾಳಿ ಒಂದೇ.

ವಾರ ಮತ್ತ ಕ್ರೆಡಿಟ್ ಲೆಕ್ಕ ಎನ್‌ಪಿಟೆಲ್‌ದಾಗ ಸರಳ ಅದ, 4 ವಾರಕ್ಕ 1, 8 ವಾರಕ್ಕ 2, 12 ವಾರಕ್ಕ 3. ಬ್ಯಾರೆ ಸಂಸ್ಥಾದವ್ರ ಕೋರ್ಸಿಗೆ ಕೋರ್ಸ್ ಪೇಜಿನಾಗೇ ಕ್ರೆಡಿಟ್ ಬರದಿರ್ತಾರ, ಅದನ್ನೇ ನೋಡ್ರಿ, ನೀವಾಗೇ ಲೆಕ್ಕ ಹಾಕಬ್ಯಾಡ್ರಿ. ನಿಮ್ಮ ಪೇಪರ್ 4 ಕ್ರೆಡಿಟಿಂದು ಇದ್ದು ಕೋರ್ಸ್ 3 ಇದ್ರ ಅರ್ಜಿದಾಗೇ ಕೇಳ್ರಿ, ಉಳಿದ ಒಂದು ಕ್ರೆಡಿಟಿಗೆ ಏನ್ ಮಾಡಬೇಕು ಅಂತ. ಮತ್ತ ಲ್ಯಾಬ್ ಇರೋ ಪೇಪರಿಗೆ ಕೈ ಹಾಕ್ಲಾಕ ಹೋಗಬ್ಯಾಡ್ರಿ, ಥಿಯರಿ ಇಲೆಕ್ಟಿವ್‌ಗಳೇ ಸಲೀಸು.

ಒಂದು ಸೆಮಿಸ್ಟರಿಗೆ ಒಂದೇ ಕೋರ್ಸ್ ತಗೋರಿ ಅಂತ ನನ್ನ ಅಭಿಪ್ರಾಯ, ಭಾಳಂದ್ರ ಎರಡು. ಫ್ರೀ ಅದ ಅಂತ ನಾಲ್ಕು ಹಿಡಿದ್ರ ನಾಲ್ಕೂ ಅರ್ಧಕ್ಕ ನಿಲ್ತಾವ, ಅದರಾಗ ನಮ್ಮ ಹುಡುಗ್ರು ಎಷ್ಟೋ ಮಂದಿ ತೊಗರಿ ರಾಶಿ ಟೈಮಿನಾಗ ಹೊಲಕ್ಕೂ ಹೋಗಬೇಕು, ಮನಿ ಕೆಲಸಾನೂ ನೋಡಬೇಕು.

ಎನ್‌ರೋಲ್ ಆಗುವಾಗ ಹೆಸರಿನ ವಿಷಯ. ಆಧಾರ್‌ದಾಗ ಹೆಸರು ಒಂದು ನಮೂನಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಾಗ ಇನ್ನೊಂದು ನಮೂನಿ, ನಮ್ಮ ಭಾಗದಾಗ ಇದು ಮನಿ ಮನಿ ಕಥಿ. ಅಪ್ಪನ ಹೆಸರು ನಡುವ ಇರ್ತದ, ಇಲ್ಲಾಂದ್ರ ಅಡ್ಡಹೆಸರು ಮುಂದ ಬಂದಿರ್ತದ. ಸರ್ಟಿಫಿಕೇಟ್ ಮ್ಯಾಲ ಬರೋ ಹೆಸರು ನೀವು ಫಾರ್ಮಿನಾಗ ಕೊಟ್ಟದ್ದೇ, ಅದು ಕಾಲೇಜಿನ ದಾಖಲಾತಿ ಜೋಡಿ ಕೂಡಬೇಕು. ಎಬಿಸಿ ಐಡಿ ಅಂತ ಒಂದು ಅದ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರಾಗ ಶುರುವಾದದ್ದು, ನೀವು ಗಳಿಸಿದ ಕ್ರೆಡಿಟ್ ಬ್ಯಾಂಕಿನಾಗ ರೊಕ್ಕ ಇಟ್ಟಂಗ ಅದರಾಗ ಜಮಾ ಆಗಿರ್ತಾವ, ಏಳು ವರ್ಷದ ತನಕ ಇರ್ತಾವ. ಡಿಜಿಲಾಕರ್ ಆ್ಯಪಿನಾಗೇ ಆ 12 ಅಂಕಿ ನಂಬರ್ ಮಾಡ್ಕೋಬಹುದು, ಈಗ ಅದನ್ನೇ ಅಪಾರ್ ಐಡಿ ಅಂತಾರ. ಡಿಜಿಲಾಕರಿಗೆ ಆಧಾರ್ ಜೋಡಿ ಲಿಂಕ್ ಆದ ಮೊಬೈಲ್ ನಂಬರಿಗೆ ಓಟಿಪಿ ಬರ್ತದ, ಆ ನಂಬರ್ ಅಪ್ಪನದೋ ಅಣ್ಣನದೋ ಇದ್ರ ಅವ್ರು ಮನಿಯಾಗ ಇದ್ದಾಗೇ ಕೂತು ಮಾಡ್ರಿ. ಹೆಸರು ತಪ್ಪಿದ್ರ ಕೋರ್ಸ್ ಚಾಲೂ ಆಗೋಕ್ಕಿಂತ ಮೊದಲೇ ಸರಿ ಮಾಡ್ಸಿಕೊಳ್ರಿ, ಕೊನಿಗೆ ಓಡ್ಯಾಡೋದು ತಪ್ತದ.

ಈಗ ಪಾಸಾಗೋ ಲೆಕ್ಕ, ಇದನ್ನ ಸ್ವಲ್ಪ ನಿಧಾನ ಓದ್ರಿ. ಎನ್‌ಪಿಟೆಲ್‌ದಾಗ 100ಕ್ಕ 25 ಅಸೈನ್‌ಮೆಂಟಿಂದು, 75 ಪರೀಕ್ಷಿದು. 12 ವಾರದ ಕೋರ್ಸಿನಾಗ 12 ಅಸೈನ್‌ಮೆಂಟ್ ಇರ್ತಾವ, ಅದರಾಗ ನಿಮ್ಮ ಚಲೋ 8 ಹಿಡೀತಾರ, 8 ವಾರದ್ದಾದ್ರ ಚಲೋ 6, 4 ವಾರದ್ದಾದ್ರ ಚಲೋ 3. ಪಾಸಾಗ್ಲಾಕ ಅಸೈನ್‌ಮೆಂಟಿನಾಗ 25ಕ್ಕ 10, ಪರೀಕ್ಷಿದಾಗ 75ಕ್ಕ 30, ಎರಡೂ ಬ್ಯಾರೆ ಬ್ಯಾರೆ ಬರಬೇಕು. ಒಬ್ಬ ಹುಡುಗಗ ಪರೀಕ್ಷಿದಾಗ 75ಕ್ಕ 48 ಬಂದಾವ ಅಂತ ಹಿಡೀರಿ, ಆದ್ರ ಅಸೈನ್‌ಮೆಂಟ್ ಬರೇ ಮೂರೇ ಹಾಕ್ಯಾನ, ಮೂರರಾಗೂ 100ಕ್ಕ 80. ಮೂರು ಎಂಬತ್ಲೆ 240, ಅದನ್ನ 8ರಿಂದ ಭಾಗಿಸಿದ್ರ ಸರಾಸರಿ 30, ಅದರ ಕಾಲು ಭಾಗ ಏಳೂವರಿ. ಒಟ್ಟು ಐವತ್ತೈದೂವರಿ ಬಂದ್ರೂ 10 ಮುಟ್ಟಿಲ್ಲಲ್ಲ, ಸರ್ಟಿಫಿಕೇಟೇ ಇಲ್ಲ! ಅದೇ ಹುಡುಗ ಇನ್ನೆರಡು ಅಸೈನ್‌ಮೆಂಟ್ 50, 50 ತಗೊಂಡಿದ್ರೂ 340 ಆಗ್ತಿತ್ತು, ಸರಾಸರಿ ನಲವತ್ತೆರಡೂವರಿ, ಕಾಲು ಭಾಗ ಹತ್ತೂವರಿ ಮ್ಯಾಲ, ಪಾಸ್. ಅದಕ್ಕ ಮೊದಲ ಎಂಟು ವಾರ ಒಂದನ್ನೂ ಬಿಡಬ್ಯಾಡ್ರಿ, ತಪ್ಪು ಉತ್ತರ ಆದ್ರೂ ಹಾಕ್ರಿ, ಆಮ್ಯಾಲಿನ ನಾಲ್ಕು ನಿಮಗ ಜಾಗಾ ಕೊಡ್ತಾವ.

ಮಾರ್ಕ್ಸ್ 60 ದಾಟಿದ್ರ ಎಲೀಟ್, 75ಕ್ಕ ಸಿಲ್ವರ್, 90ಕ್ಕ ಗೋಲ್ಡ್ ಅಂತ ಸರ್ಟಿಫಿಕೇಟ್ ಮ್ಯಾಲ ಬರ್ತದ. ಕ್ರೆಡಿಟಿಗೆ ಪಾಸಾದ್ರ ಸಾಕು, ಆದ್ರ ಮುಂದ ಕೆಲಸಕ್ಕ ಹೋಗುವಾಗ ಎಲೀಟ್ ಅಂತಿದ್ರ ನೋಡೋರಿಗೆ ಬ್ಯಾರೇನೇ ಅನಸ್ತದ.

ಸಿಇಸಿ, ಯುಜಿಸಿ, ಇಗ್ನೋ ಇಂಥವ್ರ ಕೋರ್ಸಿಗೆ ಲೆಕ್ಕ ಬ್ಯಾರೆ, 30 ಇಂಟರ್ನಲ್, 70 ಪರೀಕ್ಷಿ, ಆ ಪರೀಕ್ಷಿ ಎನ್‌ಟಿಎ (ಕೇಂದ್ರದ ಪರೀಕ್ಷಾ ಸಂಸ್ಥಾ) ನಡಸ್ತದ, ಅದಕ್ಕ ಬ್ಯಾರೆ ಸೈಟಿನಾಗ ಬ್ಯಾರೆ ಫಾರ್ಮ್ ತುಂಬಬೇಕು. ಸ್ವಯಂದಾಗ ಎನ್‌ರೋಲ್ ಆಗೀನಿ ಅಂತ ಸುಮ್ಮನ ಕೂತು ಈ ಫಾರ್ಮಿನ ತಾರೀಖು ಬಿಟ್ಟವ್ರು ಭಾಳ ಮಂದಿ ಅದಾರ. ನೋಟಿಸ್ ಬರೋದು ಇಮೇಲಿಗೆ, ಮತ್ತ ನಮ್ಮ ಹುಡುಗ್ರು ಇಮೇಲ್ ತೆಗಿಯೋದೇ ಇಲ್ಲ, ವಾರಕ್ಕ ಒಮ್ಮಿಯರೆ ತೆಗೀರಿ.

ಓದೋದರ ಬಗ್ಗಿ. ವಿಡಿಯೋ ಹೆಚ್ಚಾಗಿ ಇಂಗ್ಲಿಷಿನಾಗ ಇರ್ತಾವ, ಕನ್ನಡ ಮೀಡಿಯಂದಾಗ ಓದಿದವ್ರಿಗೆ ಮೊದಲ ವಾರ ಅಂಜಿಕಿ ಬರ್ತದ, ನಮ್ಮ ತಂಗಿನೂ ಮೂರನೇ ದಿನಕ್ಕ "ಅಕ್ಕಾ, ತಿಳಿವಲ್ದು, ಬಿಟ್ಟುಬಿಡ್ತೀನಿ" ಅಂದಿದ್ಳು. ಎನ್‌ಪಿಟೆಲ್‌ದವ್ರು ಎಷ್ಟೋ ಕೋರ್ಸಿನ ಪಾಠ ಕನ್ನಡಕ್ಕ ಅನುವಾದ ಮಾಡಿ ಪಿಡಿಎಫ್ ಹಾಕ್ಯಾರ, ಮೊದಲು ನಿಮ್ಮ ಕೋರ್ಸಿಂದು ಅದ ಏನು ನೋಡ್ರಿ. ಇರ್ಲಿಲ್ಲಂದ್ರ ಇಂಗ್ಲಿಷ್ ಟ್ರಾನ್ಸ್‌ಕ್ರಿಪ್ಟ್ ಮೊದಲು ಓದಿ, ಗೊತ್ತಿಲ್ಲದ ಶಬ್ದ ಬದಿಗೆ ಕನ್ನಡದಾಗ ಬರಕೊಂಡು, ಆಮ್ಯಾಲ ವಿಡಿಯೋ ಹಚ್ರಿ, ಸ್ಪೀಡ್ ಕಮ್ಮಿ ಇಟ್ಟು. ಆಕಿ ಹಿಂಗೇ ಮಾಡಿದ್ಳು, ಒಂದು ಇನ್ನೂರು ಪೇಜಿನ ನೋಟ್‌ಬುಕ್ಕಿನಾಗ ಎಡಕ್ಕ ಇಂಗ್ಲಿಷ್, ಬಲಕ್ಕ ಕನ್ನಡ, ನಾಲ್ಕನೇ ವಾರಕ್ಕ ಬಲಗಡಿ ಪೇಜ್ ಖಾಲಿ ಬರ್ಲಾಕತ್ವು. ಆ ನೋಟ್‌ಬುಕ್ ನೋಡಿ ನನಗ ಎಷ್ಟು ಖುಷಿ ಆಯ್ತು ಅಂತ ಹೇಳ್ಲಾಕಾಗಲ್ಲ. ಡೇಟಾ ಉಳಸ್ಬೇಕಂದ್ರ ಕಾಲೇಜ್ ಲೈಬ್ರರಿದಾಗ ವೈಫೈ ಇದ್ರ ಅಲ್ಲೇ ವಾರದ ವಿಡಿಯೋ ಡೌನ್‌ಲೋಡ್ ಮಾಡ್ಕೋರಿ. ಅಸೈನ್‌ಮೆಂಟ್ ಕೊನಿ ದಿನದ ರಾತ್ರಿಗೆ ಇಡಬ್ಯಾಡ್ರಿ, ಕರೆಂಟ್ ಹೋಯ್ತು, ನೆಟ್‌ವರ್ಕ್ ಹೋಯ್ತು ಅಂದ್ರ 11:59 ದಾಟಿದ ಮ್ಯಾಲ ಯಾರೂ ಕೇಳಂಗಿಲ್ಲ.

ಪರೀಕ್ಷಿ ಫೀಸ್ ಎನ್‌ಪಿಟೆಲ್‌ದಾಗ ಒಂದು ಕೋರ್ಸಿಗೆ 1000, ಎಸ್‌ಸಿ ಎಸ್‌ಟಿಯವ್ರಿಗೆ ಮತ್ತ ಅಂಗವಿಕಲರಿಗೆ 500, ಅದಕ್ಕ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಬೇಕು, ಜಾತಿ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಫೋನಿನಾಗ ಮೊದಲೇ ಇಟ್ಕೋರಿ. ಎನ್‌ಟಿಎ ಫೀಸ್ ಅವ್ರ ನೋಟಿಸಿನಾಗ ಇರ್ತದ. ಫೀಸ್ ಕಟ್ಟೋದು ಮೊದಲಿನ ಒಂದೆರಡು ಅಸೈನ್‌ಮೆಂಟ್ ಹಾಕಿ ನಿಮ್ಮ ಮ್ಯಾಲ ನಿಮಗ ನಂಬಿಕಿ ಬಂದ ಮ್ಯಾಲ ಕಟ್ರಿ, ಆದ್ರ ಕೊನಿ ತಾರೀಖಿನ ತನಕ ಕಾಯಬ್ಯಾಡ್ರಿ, ಯಾಕಂದ್ರ ಪರೀಕ್ಷಾ ಊರು ಮೊದಲು ತುಂಬಿದವ್ರಿಗೆ ಮೊದಲು ಸಿಗ್ತದ. ಹತ್ರದ ಊರು ತುಂಬಿಹೋದ್ರ ನೀವು ಎಲ್ಲೋ ದೂರ ಹೋಗಬೇಕು, ಮುಂಜಾನಿ 9ರ ಪರೀಕ್ಷಿಗೆ ಹಿಂದಿನ ದಿನಾನೇ ಹೋಗಿ ಉಳ್ಕೊಂಡ್ರ ಫೀಸಿಗಿಂತ ಖರ್ಚೇ ಜಾಸ್ತಿ. ಕಲಬುರಗಿ ಸಿಕ್ರ ಬೀದರಿನವ್ರಿಗೆ 2017ರಿಂದ ರೈಲು ಅದ, ಟೈಮ್ ಕೂಡ್ತದ ಏನು ಮೊದಲು ನೋಡ್ಕೋರಿ. ಹೆಣ್ಣುಮಕ್ಕಳಿಗೆ 2023 ಜೂನಿನಿಂದ ಶಕ್ತಿ ಯೋಜನಿದಾಗ ಸಾದಾ ಸರ್ಕಾರಿ ಬಸ್ಸಿನಾಗ ಟಿಕೆಟ್ ರೊಕ್ಕ ಇಲ್ಲ, ಆದ್ರ ಅದು ರಾಜ್ಯದ ಒಳಗ ಮಾತ್ರ, ಬೀದರಿಗೆ ಹತ್ರ ಅಂತ ಹೈದರಾಬಾದ್ ಸೆಂಟರ್ ಹಾಕಿದ್ರ ಅಲ್ಲಿಗೆ ಅದು ನಡಿಯಂಗಿಲ್ಲ. ಎನ್‌ಪಿಟೆಲ್ ಪರೀಕ್ಷಿ ಕಂಪ್ಯೂಟರ್ ಮುಂದ ಕೂತು ಬರಿಯೋದು, ಹಾಲ್ ಟಿಕೆಟ್ ಪ್ರಿಂಟ್ ಮತ್ತ ಒರಿಜಿನಲ್ ಐಡಿ ಬೇಕು. ಒಂದು ಸಲನೂ ಮೌಸ್ ಹಿಡಿದಿಲ್ಲ ಅನ್ನೋರು ಕಾಲೇಜ್ ಲ್ಯಾಬಿನಾಗ ಒಂದೆರಡು ದಿನ ಕೂತು ರೂಢಿ ಮಾಡ್ಕೋರಿ, ಫೋನಿನಾಗ ಅಸೈನ್‌ಮೆಂಟ್ ಹಾಕಿದ ಕೈಗೆ ಅಲ್ಲಿ ಹೊಸದು ಅನಸ್ತದ.

ಆಮ್ಯಾಲ ಪರೀಕ್ಷಾ ತಾರೀಖು ನಿಮ್ಮ ಯೂನಿವರ್ಸಿಟಿ ಪರೀಕ್ಷಿ ಜೋಡಿ ಬಡಿದಾಡ್ತದ ಏನು ನೋಡ್ರಿ. ಸ್ವಯಂದು ಜನವರಿಗೆ ಒಂದು ಸೆಮಿಸ್ಟರ್, ಜುಲೈಗೆ ಒಂದು, ನಮ್ಮ ಯೂನಿವರ್ಸಿಟಿಗಳ ಕ್ಯಾಲೆಂಡರ್ ಹಿಂದ ಮುಂದ ಆಗ್ತಿರ್ತದ. ಕೋರ್ಸ್ ಪೇಜಿನಾಗ ತಾರೀಖು ಮೊದಲೇ ಹಾಕಿರ್ತಾರ. ರಿಸಲ್ಟ್ ಬರ್ಲಾಕೂ ಟೈಮ್ ಹಿಡೀತದ, ಹಂಗಾಗಿ ಕೊನಿ ಸೆಮಿಸ್ಟರಿಗೆ ಇದನ್ನ ಇಟ್ಕೊಳ್ಳೋದು ಆದಷ್ಟು ಬಿಡ್ರಿ, ವಿಟಿಯು ಹಂಗ ಕಡ್ಡಾಯ ಇದ್ರ ಮಾತ ಬ್ಯಾರೆ. ಡಿಗ್ರಿ ಮುಗದು ಮಾರ್ಕ್ಸ್ ಕಾರ್ಡಿಗೆ ಕಾಯುವಾಗ ಒಂದು ಪೇಪರಿನ ಕ್ರೆಡಿಟ್ ಸಲುವಾಗಿ ಎಲ್ಲಾ ನಿಲ್ಲೋದು ಬ್ಯಾಡ.

ರಿಸಲ್ಟ್ ಬಂದ ಮ್ಯಾಲ ಇ-ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ, ಆ ಸೀಲ್ ಇದ್ದ ಅರ್ಜಿ ಝೆರಾಕ್ಸ್ ಅದಕ್ಕ ಜೋಡಿಸಿ, ಕ್ರೆಡಿಟ್ ಟ್ರಾನ್ಸ್‌ಫರಿಗೆ ಅಂತ ಇನ್ನೊಂದು ಅರ್ಜಿ ಬರದು ಎಚ್‌ಒಡಿ ಕಡಿಂದ ಪರೀಕ್ಷಾ ವಿಭಾಗಕ್ಕ ಕಳಸ್ಬೇಕು. ಇದು ತಾನಾಗೇ ಆಗ್ತದ ಅಂತ ತಿಳ್ಕೋಬ್ಯಾಡ್ರಿ. ಇನ್‌ವರ್ಡ್ ನಂಬರ್ (ಅರ್ಜಿ ಮುಟ್ಟಿದ್ದಕ್ಕ ಆಫೀಸಿನವ್ರು ಹಾಕೋ ನಂಬರ್) ಬರಕೊಂಡು ಬರ್ರಿ. ಡಿಜಿಲಾಕರಿನಾಗ ಎಬಿಸಿ ಖಾತೆ ತೆಗದು ಕ್ರೆಡಿಟ್ ಬಂದಾವ ಏನೂ ನೋಡ್ರಿ.

ನಮ್ಮ ತಂಗಿಗೆ 12 ವಾರದ ಕೋರ್ಸಿನಾಗ 66 ಬಂತು, 3 ಕ್ರೆಡಿಟ್. ಮಾರ್ಕ್ಸ್ ಕಾರ್ಡ್ ಬಂದ ದಿನ ಆ ಪೇಪರಿನ ಲೈನಿನ ಫೋಟೋ ಹೊಡದು ಕಳಸಿದ್ಳು, ಝೂಮ್ ಮಾಡಿ ನೋಡಿದೆ, ಕೋಡ್ ಬರಾಬರ್ ಇತ್ತು, ಕ್ರೆಡಿಟ್ ಬರಾಬರ್ ಇತ್ತು, ಹೆಸರಿನಾಗ ಒಂದು ಅಕ್ಷರ ತಪ್ಪಿತ್ತು. ಮರುದಿನಾನೇ ತಿದ್ದುಪಡಿ ಅರ್ಜಿ ಕೊಡ್ಲಾಕ ಕಳಿಸಿದೆ.